ಇಸ್ತ್ರಿ ಅಂಗಡಿಯ ಮೇಸ್ತ್ರಿಗೆ ರಕ್ತಪರೀಕ್ಷೆ

ಬೀದಿಯ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಒಗೆಯುವುದು ಬೀದಿಗೆಲ್ಲ ಅಕ್ಕ ಎನಿಸಿಕೊಂಡವಳು, ಇಸ್ತ್ರಿ ಹಾಕುವುದು ಅವಳ ಗಂಡ. ಮೇಜಿನ ಕೆಳಗೆ ಮಲಗಿ ಇಬ್ಬರನ್ನೂ ಅರೆಗಣ್ಣಲ್ಲಿ ನೋಡಿಕೊಳ್ಳುವ ಮುದಿ ನಾಯಿಗೆ ಎಲ್ಲರೂ ಇಟ್ಟ ಹೆಸರು ಮೇಸ್ತ್ರಿ. ಇತ್ತೀಚೆಗೆ ಮೇಸ್ತ್ರಿ ಆಕಳಿಸಿದರೆ ಸಾಕು, ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಲ್ಲು ಕ್ಲೀನ್ ಮಾಡಿಸಲು ಅಕ್ಕ ಅವನನ್ನು ನಾಯಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಹಲ್ಲಿನ ಕೆಲಸಕ್ಕೆ ಅರಿವಳಿಕೆ ಕೊಡುವ ಮೊದಲು ಪರೀಕ್ಷೆ ಮಾಡಲೇಬೇಕೆಂದು ಅವರು ಮೇಸ್ತ್ರಿಯ ರಕ್ತ ತೆಗೆದರು.

ಮಾರನೇ ದಿನ ಫೋನ್ ಬಂತು. "ಅಕ್ಕ, ಲಿವರ್ ಪರೀಕ್ಷೆಯಲ್ಲಿ ಒಂದು ಅಂಶ ತುಂಬಾ ಜಾಸ್ತಿ ಇದೆ. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಹಲ್ಲು ಆಮೇಲೆ ನೋಡೋಣ, ಅವನನ್ನ ಕರ್ಕೊಂಡು ಬನ್ನಿ."

ಅಕ್ಕ ಒಗೆಯುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ಗಂಡನಿಗೆ ವಿಷಯ ಹೇಳಿದಳು. ಮರಿಯಾಗಿದ್ದಾಗಿನಿಂದ ಅವಳ ಕಾಲಿಗೆ ತೊಡರಿಕೊಂಡೇ ಬೆಳೆದ ಜೀವ ಅದು.

ಗಂಡ ನಕ್ಕುಬಿಟ್ಟ. "ಎರಡು ಹೊತ್ತೂ ಬಟ್ಟಲು ನೆಕ್ಕಿ ಬೆಳಗ್ತಾನೆ. ಬೆಕ್ಕು ಕಂಡ್ರೆ ತಿರುವಿನ ತನಕ ಓಡಿಸ್ತಾನೆ. ಇವನಿಗೆ ಕಾಯಿಲೆಯಾ? ಕಾಯಿಲೆ ಇರೋದು ಅವರ ಮಿಷನ್ನಿಗೆ!"

"ಬಟ್ಟೆ ಕಪ್ಪಾಗೋ ಮೊದ್ಲೇ ಸುಟ್ಟ ವಾಸನೆ ನಿಮ್ಮ ಮೂಗಿಗೆ ಬಡಿಯಲ್ವೇನ್ರೀ? ಇದೂ ಹಾಗೇ ಇರಬಹುದು. ನಡೀರಿ."

ಗಂಡ ಮುಖ ಊದಿಸಿಕೊಂಡೇ ಹೊರಟ.

"ಮನೇಲಿ ಯಾವುದಾದ್ರೂ ಮಾತ್ರೆ, ಔಷಧಿ ಕೊಡ್ತೀರಾ? ಏನಾದ್ರೂ ನೆಕ್ತಾನಾ?" ಎಂದು ಡಾಕ್ಟರಮ್ಮ ಕೇಳಿದರು.

"ಬಟ್ಟಲು ಬಿಟ್ರೆ ಏನೂ ಇಲ್ಲ" ಎಂದ ಗಂಡ.

ಅಷ್ಟರಲ್ಲಿ ಮೇಸ್ತ್ರಿ ಅಕ್ಕನ ಬೆರಳುಗಳನ್ನು ಒಂದೊಂದಾಗಿ ನೆಕ್ಕತೊಡಗಿದ್ದ. ಡಾಕ್ಟರಮ್ಮನ ಕಣ್ಣು ಅಲ್ಲೇ ನೆಟ್ಟಿತು. "ಅಕ್ಕ, ಕೈಗೆ ಏನು ಹಚ್ಚಿದೀರಿ?"

"ಸೋಪಿನಿಂದ ಕೈಯೆಲ್ಲ ಕಡಿತ. ಚರ್ಮದ ಡಾಕ್ಟ್ರು ಕೊಟ್ಟ ಮುಲಾಮು. ದಿನಾ ಹಚ್ಕೊಂಡು ಕೂತ್ರೆ ಇವನು ಬಂದು ನೆಕ್ತಾನೆ. ನನ್ನ ನೋವು ಇವನಿಗೊಬ್ಬನಿಗಾದ್ರೂ ಗೊತ್ತಾಗುತ್ತಲ್ಲ ಅನ್ಕೊಂಡಿದ್ದೆ."

"ಇಂಥ ಮುಲಾಮಲ್ಲಿ ಸ್ಟೀರಾಯ್ಡ್ ಇರುತ್ತೆ. ದಿನಾ ನಾಯಿ ಹೊಟ್ಟೆಗೆ ಹೋದ್ರೆ ಲಿವರ್ ಪರೀಕ್ಷೆ ಏರುಪೇರಾಗಬಹುದು. ಇದೇ ಕಾರಣ ಅಂತ ಈಗ್ಲೇ ಹೇಳಲ್ಲ. ನೆಕ್ಕೋದು ನಿಲ್ಲಲಿ, ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಇಳೀದಿದ್ರೆ ಸ್ಕ್ಯಾನ್ ಮಾಡೋಣ."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು!" ಗಂಡ ಹಣೆ ಚಚ್ಚಿಕೊಂಡ.

ಅಕ್ಕನ ಕಣ್ಣು ತುಂಬಿತು. "ನನ್ನ ಪ್ರೀತಿನೇ ಇವನಿಗೆ ಮುಳುವಾಯ್ತಾ?"

"ಪ್ರೀತಿ ಅಲ್ಲಕ್ಕ, ಮುಲಾಮು. ಪ್ರೀತಿ ನಿಲ್ಲಿಸ್ಬೇಡಿ."

ಅಂದಿನಿಂದ ಅಕ್ಕ ಮುಲಾಮು ಹಚ್ಚಿದ ಕೂಡಲೇ ಕೈಗವಸು ಹಾಕಿಕೊಳ್ಳತೊಡಗಿದಳು. ಮೇಸ್ತ್ರಿಗೆ ಭಾರೀ ಕೋಪ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. "ಬಾರೋ, ನನ್ನ ಕೈ ನೆಕ್ಕೋ" ಎಂದು ಗಂಡ ಅಂಗೈ ಚಾಚಿದರೆ, ಒಮ್ಮೆ ಮೂಸಿ ಮತ್ತೆ ಗೋಡೆಯ ಕಡೆ ತಿರುಗಿದ. ಅಕ್ಕನಿಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು.

ಮುಂದಿನ ಪರೀಕ್ಷೆಯಲ್ಲಿ ಲಿವರ್ ಬಹುಪಾಲು ಸರಿಹೋಗಿತ್ತು. ಅದರ ಮುಂದಿನದರಲ್ಲಿ ಪೂರ್ತಿ. ಆಮೇಲೆ ಹಲ್ಲೂ ಕ್ಲೀನಾಗಿ ಫಳಫಳ ಹೊಳೆಯಿತು. ಈಗ ಗಂಡ ಬಟ್ಟೆ ತಂದವರಿಗೆಲ್ಲ ಹೇಳುತ್ತಾನೆ: "ನಮ್ಮ ಡಾಕ್ಟರಮ್ಮನ ಮಿಷನ್ ಇದೆಯಲ್ಲ, ಬಂಗಾರ!" ಅಕ್ಕ ಅವನತ್ತ ಓರೆನೋಟ ಬೀರಿ ಕೈಗವಸು ಹಾಕಿಕೊಳ್ಳುತ್ತಾಳೆ.

ನಿಮ್ಮ ಮನೆಯಲ್ಲೂ ವಯಸ್ಸಾದ ನಾಯಿ ಇದೆಯೇ? ಚೆನ್ನಾಗಿ ಓಡಾಡುತ್ತಿದ್ದರೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಫಲಿತಾಂಶ ಏರುಪೇರಾದರೆ ಕೈಚೆಲ್ಲಬೇಡಿ, ಕಡೆಗಣಿಸಲೂ ಬೇಡಿ, ಮತ್ತೊಮ್ಮೆ ತೋರಿಸಿ. ಡಾಕ್ಟರು ಕೇಳಿದಾಗ ನಾಯಿಗೆ ಕೊಟ್ಟದ್ದನ್ನಷ್ಟೇ ಅಲ್ಲ, ನಿಮ್ಮ ಕೈಗೆ ಹಚ್ಚಿಕೊಂಡದ್ದನ್ನೂ ಹೇಳಿ.