ಹೊರೆಯವ್ವನ ಪರೀಕ್ಷೆ

ಮಣೆಯ ಮೇಲೆ ಬೋರಲು ಹಾಕಿದ್ದ ಮೊಬೈಲು ಗುಂಯ್‌ಗುಟ್ಟುತ್ತ ತಾನಾಗಿಯೇ ಸರಿಯುತ್ತಿತ್ತು, ಮಗುಚಿ ಬಿದ್ದ ದುಂಬಿಯ ಹಾಗೆ, ವಿಭೂತಿ ಗಟ್ಟಿಯವರೆಗೆ ಬಂದು ಅದಕ್ಕೆ ತಾಗಿ ನಿಂತಿತು, ಸುಮ್ಮನಾಯಿತು, ಅಪ್ಪಣ್ಣ ಮಾಸ್ತರರು ನೋಡಿದರು, ನೋಡಲಿಲ್ಲ ಎಂದೂ ಹೇಳಬಹುದು, ಕಣ್ಣು ಎಡಗೈಯ ಲಿಂಗದ ಮೇಲಿತ್ತು, ಲಿಂಗ ಅಂಗೈಯಲ್ಲಿ ಇರುವಾಗ ಮಾತಿಲ್ಲ, ಏಳುವುದಿಲ್ಲ, ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ಎಪ್ಪತ್ತಾರರ ತನಕ ಹಾಗೆಯೇ ನಡೆದಿದೆ, ಕುಲಗೋಡದ ಆ ಮನೆಯಲ್ಲಿ ಸಂಜೆ ಅರ್ಧ ತಾಸು ಎಮ್ಮೆ ಕೂಡ ಮೆತ್ತಗೆ ಒದರುತ್ತದೆ ಎಂದು ಮೊಮ್ಮಗಳು ದಾನು ನಗಾಡುವಳು. ಮೊಬೈಲು ಮೊದಲು ಒಂದು ಸಲ ಬಡಿದುಕೊಂಡಿತು, ಆಮೇಲೆ ಸ್ವಲ್ಪ ಹೊತ್ತು ಬಿಡುವು, ಆಮೇಲೆ ಒಂದರ ಬೆನ್ನಿಗೆ ಒಂದು ಎರಡು ಸಲ. ಅವರು ಜಪ ಮುಗಿಸಿದರು, ಲಿಂಗಕ್ಕೆ ನೀರೆರೆದರು, ಒರೆಸಿ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರು, ಯಾವುದನ್ನೂ ಅವಸರ ಮಾಡಲಿಲ್ಲ, ಆಮೇಲೆ ಮೊಬೈಲು ಹೊರಳಿಸಿ ನೋಡಿದರೆ ಮೂರಕ್ಕೆ ಮೂರೂ ದಾನೇಶ್ವರಿಯ ಹೆಸರು — ನಕ್ಕರು, ಅದನ್ನೂ ಒಪ್ಪಿಕೊಳ್ಳಬೇಕು, ಮೊಮ್ಮಗಳು ಸಿನಿಮಾ ನೋಡಿ ಬಂದಳು, ಕಥೆ ಹೇಳುವ ತನಕ ಅವಳಿಗೆ ನೀರೂ ಇಳಿಯುವುದಿಲ್ಲ ಎಂದು ನಗುತ್ತಲೇ ತಿರುಗಿ ಫೋನು ಹಚ್ಚಿದರು, ಗಂಡಸಿನ ದನಿ ಬಂತು, ಹಿಂದೆ ಲಾರಿಗಳ ಹಾರ್ನು, ಅಜ್ಜಾರ, ಈ ಹುಡುಗಿ ನಿಮಗೇನಾಗಬೇಕ್ರಿ, ಹತ್ತರಗಿಗೆ ಯಾರರೆ ಗಂಡಸರು ಲಗೂನ ಬರ್ರಿ.

ಅದು ರವಿವಾರ. ಇವತ್ತು ಒಂಬತ್ತನೆಯ ದಿನ, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಮಾಸ್ತರರಿಗೆ ಕಾಲು ಜೋಮು ಹಿಡಿದಿದೆ, ಕಾಲಿಗೆ ಹಿಡಿದ ಜೋಮು ಮೈಯೆಲ್ಲ ಏರಿ ಕುಳಿತ ಹಾಗಿದೆ, ಮುಂದೆ ಇಟ್ಟ ಚಹಾದ ಮೇಲೆ ಕೆನೆ ಕಟ್ಟಿದೆ, ಒಂದು ನೊಣ ಬಂದು ಕೆನೆಯ ಮೇಲೆ ನಡೆದು ಹೋಯಿತು, ಕೈ ಎತ್ತಬೇಕೆಂದು ಅನ್ನಿಸಲಿಲ್ಲ. ಒಳಗಿನಿಂದ ಹೆಂಡತಿ ಶಿವವ್ವ ಬಂದು ಬಟ್ಟಲು ನೋಡಿ, ಎರಡನೆ ಸಲ ಕಾಸಿ ತಂದೇನಿ, ಕುಡೀರಲಾ, ಎಂದಳು, ಹೋದಳು. ಅಳುವವರೆಲ್ಲ ಅತ್ತು ಊರಿಗೆ ಹೋದರು, ಸೊಸೆ, ದಾನುವಿನ ತಾಯಿ, ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಮಗ ಈಶ್ವರ ಕಬ್ಬಿಗೆ ನೀರು ಬಿಡಲು ಹೋಗಿದ್ದಾನೆ, ಹೋಗಲಿ, ನೀರು ಬಿಡುವಾಗ ಮನುಷ್ಯ ನೀರಿನ ಕಡೆ ನೋಡುತ್ತಾನೆ, ಅಷ್ಟಾದರೂ ಆಗಲಿ. ಮಾಸ್ತರರಿಗೆ ಅಳು ಬಂದಿಲ್ಲ. ಅವರು ಲೆಕ್ಕ ಮಾಡುತ್ತಿದ್ದಾರೆ, ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವೇಗ ದೂರ ಕಾಲದ ಲೆಕ್ಕ ಕಲಿಸಿದ ತಲೆ, ಐದು ನಲವತ್ತೊಂದಕ್ಕೆ ಒಂದು ಕರೆ, ಐದು ಐವತ್ಮೂರಕ್ಕೆ ಒಂದು, ಐವತ್ನಾಲ್ಕಕ್ಕೆ ಒಂದು, ತಮ್ಮ ಮೊಬೈಲಿನಲ್ಲಿ ಹಾಗಿದೆ, ಲಾರಿ ಬಂದು ದಾನುವಿಗೆ ಬಡಿದದ್ದು ಯಾವಾಗ, ಒಬ್ಬ ಐದೂವರೆ ಎನ್ನುತ್ತಾನೆ, ಮತ್ತೊಬ್ಬ ಐದೂ ಮುಕ್ಕಾಲು, ಪೊಲೀಸರ ಕಾಗದದಲ್ಲಿ ಸುಮಾರು ಎಂದಿದೆ. ಹಿಂದಿನ ಎರಡು ಕರೆ ಬೇರೆಯವರು ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಮೊದಲನೆಯದು ಯಾರದು. ಲಾರಿ ಮೊದಲು ಬಂದಿದ್ದರೆ ಅದೂ ಬೇರೆಯವರದು, ಎತ್ತಿದ್ದರೂ ಎತ್ತದಿದ್ದರೂ ಒಂದೇ. ಕರೆ ಮೊದಲು ಬಂದಿದ್ದರೆ ಅದು ದಾನುವಿನದು, ಆಗ ಮಾಸ್ತರರು ಕೈ ಚಾಚಿ ಹಲೋ ಎಂದಿದ್ದರೆ ಅವಳು ರಸ್ತೆಯ ಈಚೆ ಬದಿಗೇ ನಿಂತು ಮಾತಾಡುತ್ತಿದ್ದಳು, ಕಾಲು ತಾಸಿಗೆ ಕಡಿಮೆ ಅವಳ ಯಾವ ಕಥೆಯೂ ಮುಗಿದದ್ದಿಲ್ಲ, ಆ ಕಾಲು ತಾಸಿನಲ್ಲಿ ಲಾರಿ ಹತ್ತರಗಿ ದಾಟಿ ಸಂಕೇಶ್ವರ ಮುಟ್ಟುತ್ತಿತ್ತು. ಇದನ್ನು ತಿಳಿದ ಜೀವ ಒಂದೇ, ದಾನುವಿನ ಗೆಳತಿ ವಿದ್ಯಾ, ಹತ್ತರಗಿಯ ಕುರುಬರ ಲಗಮಪ್ಪನ ಮಗಳು, ಗೋಕಾಕದ ಕಾಲೇಜಿನಲ್ಲಿ ಒಂದೇ ಬೆಂಚು, ಇಬ್ಬರೂ ಕೂಡಿಯೇ ಬೆಳಗಾವಿಗೆ ಆ ಸಿನಿಮಾಕ್ಕೆ ಹೋಗಿದ್ದರು. ಆ ವಿದ್ಯಾ ಇವತ್ತು ತಂದೆಯ ಸಂಗಡ ಬರುತ್ತಾಳಂತೆ. ಕೇಳಬೇಕು. ಕೇಳಬಾರದು.

ಜಪಾನದ ಸಿನಿಮಾ, ಮನುಷ್ಯರಿಲ್ಲ, ಎಲ್ಲ ಚಿತ್ರ ಬರೆದು ಓಡಿಸಿದ್ದು, ಅದರ ಹಿಂದಿನ ಕಂತುಗಳನ್ನೆಲ್ಲ ದಾನು ಮೊಬೈಲಿನಲ್ಲಿ ನೋಡಿ ಸಂಜೆ ಅಜ್ಜನಿಗೆ ಕನ್ನಡದಲ್ಲಿ ಹೇಳುವಳು, ಅವರು ಶೇಂಗಾ ಸುಲಿಯುತ್ತ ಕೇಳುವರು. ಗುಡ್ಡದ ಮೇಲೆ ಒಂದು ಸಾಲೆ, ಹದಿನಾರು ಹದಿನೇಳರ ಹುಡುಗ ಹುಡುಗಿಯರು, ಒಬ್ಬೊಬ್ಬರಿಗೆ ಒಂದೊಂದು ಶಕ್ತಿ, ಒಬ್ಬ ಗೋಡೆಯೊಳಗಿಂದ ಹಾಯುವವನು, ಒಬ್ಬಳು ಗಾಳಿ ನಿಲ್ಲಿಸುವವಳು, ಪರೀಕ್ಷೆ ಪಾಸಾಗುವ ತನಕ ತೋಳಿಗೆ ಬೂದು ಬಣ್ಣದ ಪಟ್ಟಿ ಕಟ್ಟಿಕೊಳ್ಳಬೇಕು, ಸಾಲೆಯ ಹೊರಗೆ ಶಕ್ತಿ ತೋರಿಸಬಾರದು. ಜಪಾನದ ಹೆಸರು ಅಜ್ಜನ ನಾಲಿಗೆಗೆ ಹೊರಳದೆಂದು ದಾನು ತಾನೇ ಹೆಸರಿಟ್ಟಿದ್ದಳು, ಹೊರೆಯವ್ವ ಎಂದು ಒಬ್ಬಳಿಗೆ, ಯಾರನ್ನು ಮುಟ್ಟಿದರೂ ಅವರ ಭಾರ ಇವಳ ಮೈಗೆ ಬರುತ್ತದೆ, ಅವರು ಹಗುರಾಗಿ ಓಡುತ್ತಾರೆ, ಇವಳು ಕುಸಿಯುತ್ತಾಳೆ, ಪ್ರತಿ ಪರೀಕ್ಷೆಯಲ್ಲೂ ಮುಟ್ಟಬೇಕಾದ ಗೆರೆ ಮುಟ್ಟುವುದಿಲ್ಲ. ಆ ಸಾಲೆಯ ಮಾಸ್ತರು ಬಿರುಸು ಮನುಷ್ಯ, ಸೊನ್ನೆ ಹಾಕುತ್ತಾನೆ. ಅಂವ ಮಾಡಿದ್ದು ಬರೋಬರಿ ಐತಿ, ಗೆರಿ ಮುಟ್ಟಂದ್ರ ಮುಟ್ಟಬೇಕು, ಎಂದು ಅಜ್ಜ ಅಂದರೆ ದಾನು ಶೇಂಗಾ ಸಿಪ್ಪೆ ಎಸೆದು, ನೀ ಯಾವಾಗ್ಲೂ ಮಾಸ್ತರ ಕಡೆನ, ಹೆತ್ತ ಮಗನ್ನ ಏಳನೆ ಕ್ಲಾಸಿನ್ಯಾಗ ಎರಡ ಮಾರ್ಕಿಗೆ ನಪಾಸ ಮಾಡಿದಾಂವ ನೀ, ನಿನಗೇನ ಹೇಳೂದು. ಆಗ ಈಶ್ವರ ಹೊರಗಿನಿಂದ, ಎರಡಲ್ಲವಾ, ಒಂದೂವರಿ, ಎನ್ನುವನು. ಶಿವವ್ವ ರೊಟ್ಟಿ ಬಡಿಯುತ್ತ, ಮುಂಜಾನೆದ್ದರ ಜಪಾನ, ಸಂಜೀಕ ಜಪಾನ, ಇಕಿನ್ನ ಜಪಾನದಾವರಿಗೆ ಕೊಟ್ಟ ಬಿಡೂಣು. ಕೊಡು ಆಯಿ, ಅಲ್ಲಿ ರೊಟ್ಟಿ ಬಡಿಯೂದಿಲ್ಲಂತ, ಎಂದು ದಾನು. ನಕ್ಕರು, ಎಲ್ಲರೂ ನಕ್ಕರು, ಆ ನಗು ಈಗಲೂ ಕೇಳಿಸುತ್ತದೆ, ಆದರೆ ಪಕ್ಕದ ಓಣಿಯಲ್ಲಿ ಯಾರೋ ನಕ್ಕ ಹಾಗೆ, ತಮಗೂ ಅದಕ್ಕೂ ಸಂಬಂಧವಿಲ್ಲದ ಹಾಗೆ. ಕೊನೆಯ ಪರೀಕ್ಷೆ ಸಿನಿಮಾದಲ್ಲಿ ಬರುತ್ತದೆ, ಥೇಟರಿಗೇ ಹೋಗಿ ನೋಡಬೇಕು, ತಾಯಿ ಬೇಡ ಎಂದಳು, ಹೋಗ್ಲಿ ಬಿಡವಾ ಒಂದ ದಿನಾ, ಎಂದವರು ಯಾರು, ಅಪ್ಪಣ್ಣ ಮಾಸ್ತರರು.

ಆ ಬೂದು ಪಟ್ಟಿಯನ್ನು ಹಳೆಯ ಲಂಗದ ಅರಿವೆಯಲ್ಲಿ ಹೊಲಿದು ದಾನು ತಾನೂ ತೋಳಿಗೆ ಕಟ್ಟಿಕೊಂಡಿದ್ದಳು, ಮಣ್ಣು ಕೊಡುವ ದಿನವೂ ಇತ್ತು. ಕುಣಿಯೊಳಗೆ ಕುಳ್ಳಿರಿಸಿದರು, ಪದ್ಮಾಸನ, ಹಣೆಗೆ ವಿಭೂತಿ, ಸುತ್ತ ಬಿಲ್ವಪತ್ರೆ, ಮಠದ ಅಯ್ಯನವರು ಎಡಗೈ ಮೇಲೆತ್ತಿ ಹಿಡಿದು, ಕೂಸಿನ ಲಿಂಗಾ ಎಲ್ಲೈತ್ರಿ ಮಾಸ್ತರ, ಎಂದರು. ಕೊರಳಲ್ಲಿ ಇರಲಿಲ್ಲ, ಓಡುವಾಗ ತೊಡಕತೈತಿ ಅಜ್ಜಾ, ಎಂದು ಎರಡು ತಿಂಗಳ ಕೆಳಗೆ ತೆಗೆದಿಟ್ಟಿದ್ದಳು, ಅದಕ್ಕಾಗಿ ನಾಲ್ಕು ದಿನ ಅವಳ ಸಂಗಡ ಮಾತು ಬಿಟ್ಟಿದ್ದರು, ನಾಲ್ಕು ದಿನ, ಈಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲಿಂಗವಿಲ್ಲದೆ ಹೇಗೆ ಮಣ್ಣು ಕೊಡುವುದು, ಸೊಸೆಯನ್ನು ಕೇಳೋಣವೆಂದರೆ ಅವಳಿಗೆ ಎಚ್ಚರವಿಲ್ಲ, ಬಿಸಿಲು ಏರುತ್ತಿತ್ತು. ಮಾಸ್ತರರು ತಮ್ಮ ಕೊರಳಿಗೆ ಕೈ ಹಾಕಿದರು, ಕರಡಿಗೆ ಬಿಚ್ಚಿದರು, ತಮ್ಮ ಲಿಂಗವನ್ನು ಅವಳ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದರು, ಬೆರಳು ತಣ್ಣಗಿದ್ದವು, ಅಯ್ಯನವರು, ಮಾಸ್ತರ ಇದು ನಿಮ್ಮದು, ಎನ್ನುವಷ್ಟರಲ್ಲಿ, ಇರ್ಲಿ ಬಿಡ್ರಿ, ಎಂದರು. ಅಯ್ಯನವರು ತೋಳಿನ ಪಟ್ಟಿ ನೋಡಿ ತೆಗೀಲೇನ್ರಿ ಎಂದಾಗಲೂ, ಇರ್ಲಿ ಬಿಡ್ರಿ. ಹೊಸದು ಕೊಡುತ್ತೇನೆ ಮಠಕ್ಕೆ ಬರ್ರಿ ಎಂದಿದ್ದಾರೆ, ಇವರು ಹೋಗಿಲ್ಲ. ಮೂರನೆಯ ದಿನ ದಾನುವಿನ ಲಿಂಗ ಅವಳ ಪಿನ್ನುಗಳ ಡಬ್ಬಿಯಲ್ಲೇ ಸಿಕ್ಕಿತು, ಶಿವವ್ವ ತಂದು ದೇವರ ಜಗಲಿಯ ಮೇಲಿಟ್ಟಳು, ಅದರ ಗುರು ಬೇರೆ, ಅದರ ದೀಕ್ಷೆ ಬೇರೆ, ತಮ್ಮದಲ್ಲದ್ದನ್ನು ಹೇಗೆ ಮುಟ್ಟುವುದು. ಅರವತ್ತೆಂಟು ವರ್ಷ ಲಿಂಗಪೂಜೆ ಇಲ್ಲದೆ ತುತ್ತು ಎತ್ತಿದವರಲ್ಲ, ಈಗ ಮಣ್ಣು ಕೊಟ್ಟಂದಿನಿಂದ ಬಡಿಸಿದರೆ ಉಣ್ಣುತ್ತಾರೆ, ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಅದೇ ಅವರಿಗೆ ಸೋಜಿಗ, ಇಳಿಯುತ್ತದೆ, ಸಾರಿಗೆ ಉಪ್ಪು ಕಡಿಮೆ ಎಂದೂ ತಿಳಿಯುತ್ತದೆ. ಶಿವನ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಸಿಟ್ಟಲ್ಲ. ಬಾಗಿಲ ತನಕ ಹೋಗಿ ಯಾಕೆ ಬಂದೆ ಎಂದು ಮರೆತು ನಿಂತ ಹಾಗೆ.

ಬಸ್ಸಿನ ಸಪ್ಪಳ, ಮೂಡಲಗಿ ಕಡೆಯಿಂದಲ್ಲ, ಗೋಕಾಕದ ಬಸ್ಸು, ಅಂಗಳದಲ್ಲಿ ಲಗಮಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಾನೆ, ನೀರ ತುಗೋರಿ, ಮ್ಯಾಲ ಬರ್ರಿ, ಎಂದಳು ಶಿವವ್ವ, ಅವನ ಹಿಂದೆ ವಿದ್ಯಾ, ಎಷ್ಟು ಸಣ್ಣಗಾಗಿದ್ದಾಳೆ, ಮೊಣಕೈಗೆ ಔಷಧದ ಕೆಂಪು ಕಲೆ. ಲಗಮಪ್ಪ ಕುಳಿತು, ಹುಡುಗಿ ಅನ್ನಾ ತಿನ್ನಾಕ ಒಲ್ಲದ್ರಿ ಮಾಸ್ತರ, ನಿಮ್ಮ ಮುಂದ ಏನೋ ಹೇಳಬೇಕಂತ, ನಮ್ಮ ಮುಂದ ಬಾಯಿ ತಗೀವಲ್ತು, ಎಂದ. ಇವಳೂ ಲೆಕ್ಕ ಮಾಡಿದ್ದಾಳೆ, ಮಾಸ್ತರರಿಗೆ ಮುಖ ನೋಡಿಯೇ ತಿಳಿಯಿತು, ಉತ್ತರ ಗೊತ್ತಿದ್ದೂ ಸ್ಲೇಟು ಎದೆಗೆ ಅವುಚಿಕೊಂಡ ಮಕ್ಕಳನ್ನು ಮೂವತ್ತನಾಲ್ಕು ವರ್ಷ ನೋಡಿದ್ದಾರೆ. ಫೋನಿನ ಮಾತು ಬಾಯಿ ತನಕ ಬಂತು, ಅಲ್ಲಿಯೇ ನಿಂತಿತು, ಬದಲಿಗೆ ಬಂದದ್ದು ಬೇರೆ, ಆ ಹೊರೆಯವ್ವ ಪಾಸಾದ್ಲೇನವಾ.

ವಿದ್ಯಾ ತಲೆ ಎತ್ತಿದಳು. ಇಲ್ರಿ ಅಜ್ಜಾರ. ನಪಾಸ. ಮೆಲ್ಲಗೆ ಹೇಳತೊಡಗಿದಳು, ಅವಳಿಗೆ ದಾನುವಿನ ಹಾಗೆ ಕೈ ಬೀಸಿ ಹೇಳಲು ಬರುವುದಿಲ್ಲ, ಕೊನೀ ಪರೀಕ್ಷಾದಾಗ ಗುಡ್ಡಾ ಕುಸೀತೈತ್ರಿ, ಖರೆ ಖರೆ ಕುಸೀತೈತಿ, ಎಲ್ಲಾರೂ ಗೆರಿ ಮುಟ್ಟತಾರು, ಈಕಿ ಹೊಳ್ಳಿ ಹೋಗಿ ಕಲ್ಲಿನ ಕೆಳಗ ಸಿಕ್ಕಿದ್ದ ಮಾಸ್ತರನ್ನ ಹೊತಗೊಂಡ ಬರತಾಳ್ರಿ, ಹೊತ್ತು ಮುಗದಿರತೈತಿ, ಮಾಸ್ತರನ್ನ ಉಳಿಸಿದ್ದಕ್ಕ ಮಾರ್ಕಿಲ್ಲ, ಅದು ಪರೀಕ್ಷಾದಾಗ ಇಲ್ಲ, ಆ ಮಾಸ್ತರನ ತನ್ನ ಕೈಯಾರೆ ನಪಾಸ ಅಂತ ಬರೀತಾನು, ಬರದು ಎದ್ದ ನಿಂತು ಆಕಿಗೆ ಕೈ ಮುಗೀತಾನು. ಬರೆಯಲೇಬೇಕು ಎಂದುಕೊಂಡರು ಮಾಸ್ತರರು, ಬರೆಯದಿದ್ದರೆ ಅವನು ಮಾಸ್ತರನೇ ಅಲ್ಲ. ದಾನು ಥೇಟರಿನ್ಯಾಗ ಕುಣದ ಕುಣದ್ಲ್ರಿ, ಅಜ್ಜಾ ಹೇಳಿದಂಗ ಆತು, ಅಜ್ಜಗ ಹೇಳಬೇಕು, ಅಂತ ಬಸ್ಸಿನ ತುಂಬ ಅದ ಮಾತು, ಹತ್ತರಗ್ಯಾಗ ಇಳದ ಕೂಡ್ಲೆ ನಿಮಗ ಫೋನ್ ಹಚ್ಚಿದ್ಲ್ರಿ.

ಇಳಿದ ಕೂಡಲೆ. ರಸ್ತೆಯ ಈಚೆ ಬದಿಗೆ. ಅಂದರೆ ನಲವತ್ತೊಂದರ ಕರೆ ಅವಳದೇ. ಮೈಗೆ ಏನೂ ಆಗಲಿಲ್ಲ, ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ, ಯಾರೋ ಏನನ್ನೋ ಕಿತ್ತರು, ಸಪ್ಪಳ ಮಾತ್ರ ತಿಳಿಯಿತು. ವಿದ್ಯಾ ಈಗ ನಿಲ್ಲುವಂತಿಲ್ಲ, ನೀವು ಎತ್ತಲಿಲ್ರಿ, ಆಕಿ ಫೋನ್ ಕಿವಿಗೆ ಹಿಡಕೊಂಡ ನಕ್ಕಳ್ರಿ, ಮುದುಕ ಪೂಜಾಕ ಕುಂತಾನ, ಶಿವನ ಬಂದ ಕರದರೂ ಏಳಾಂವಲ್ಲ, ತಡಿ, ಹತ್ತ ನಿಮಿಷ ಇಲ್ಲೇ ನಿಂದ್ರೂಣು, ಆಮ್ಯಾಲ ಮತ್ತ ಹಚ್ಚತೇನಿ, ಅಂದ್ಲ್ರಿ, ನಿಂತ್ವಿ, ಹತ್ತ ನಿಮಿಷ ಆಗೂದರಾಗ ಆ ಕಡೆ ಆಕಿ ಹತ್ತೂ ಗೋಕಾಕ ಬಸ್ ಬಂತ್ರಿ, ನಾನ ಅಂದ್ಯಾ ಅಜ್ಜಾರ, ನಾನ, ಬಸ್ಸಿನ್ಯಾಗ ಕುಂತ ಮಾತಾಡಾಕ ಬರತೈತಿಲ್ಲೇನ, ನಡಿ, ಅಂತ ಕೈ ಹಿಡದ ಜಗ್ಗಿದ್ಯಾ, ಆಕಿ ನಿಂದ್ರೂಣು ಅಂದಿದ್ಲು, ನಾನ ಜಗ್ಗಿದ್ಯಾ. ಲಗಮಪ್ಪ ರುಮಾಲಿನಿಂದ ಬಾಯಿ ಮುಚ್ಚಿಕೊಂಡ. ಒಳಕೋಣೆಯಲ್ಲಿ ಬಳೆ ಸದ್ದಾಯಿತು, ಸೊಸೆ ಎದ್ದು ಕುಳಿತಿರಬೇಕು, ಅವಳೂ ಕೇಳಿಸಿಕೊಂಡಳು, ಶಿವವ್ವ ಬಾಗಿಲಲ್ಲಿ ನಿಂತಿದ್ದಾಳೆ, ಕೇಳಲಿ, ಎಲ್ಲರೂ ಕೇಳಲಿ. ನೀ ಜಗ್ಗಿದ್ದಕ್ಕ ಅಲ್ಲ ಯವ್ವಾ, ಎಂದರು ಮಾಸ್ತರರು, ದನಿ ತರಗತಿಯಲ್ಲಿ ಇದ್ದ ಹಾಗೆ ಸಪಾಟಾಗಿ ಬಂತು, ಬಸ್ ಬಂದರ ಯಾರರೆ ಓಡತಾರು, ನಾನೂ ಓಡತಿದ್ದೆ. ಫೋನ್ ನನ್ನ ಮುಂದ ಇತ್ತು. ಬಡಕೊಂಡದ್ದ ನಾ ನೋಡೇನಿ. ಎತ್ತಬೇಕಾದಾಂವ ನಾ, ಎತ್ತಲಿಲ್ಲ. ಇದು ನಂದು, ನಿಂದಲ್ಲ, ತಿಳೀತಿಲ್ಲೇನ, ಇನ್ನ ಮ್ಯಾಲ ಯಾರ ಮುಂದನೂ ನಂದು ಅನಬ್ಯಾಡ, ಹೋಗು, ಆಯಿ ಕಡೆ ಹೋಗಿ ಉಣ್ಣು. ವಿದ್ಯಾ ಹೋಗಲಿಲ್ಲ, ಅಲ್ಲಿಯೇ ಅವರ ಮೊಣಕಾಲಿನ ಹತ್ತಿರ ಕುಸಿದು ಕುಳಿತು ಅಳತೊಡಗಿದಳು, ಒಂಬತ್ತು ದಿನದ್ದು, ಶಿವವ್ವ ಬಂದು ಅವಳ ತಲೆಯನ್ನು ಉಡಿಯಲ್ಲಿ ಹಾಕಿಕೊಂಡಳು, ಗಂಡನ ಕಡೆ ನೋಡಲಿಲ್ಲ, ನೋಡದಿದ್ದರೂ ಸರಿ.

ರಸ್ತೆಯ ಈಚೆ ಬದಿ, ದಾನು, ಫೋನು ಕಿವಿಯಲ್ಲಿ, ನಗುತ್ತಿದ್ದಾಳೆ. ಸಿಟ್ಟಿಲ್ಲ, ಎತ್ತಲಿಲ್ಲವೆಂದು ಬೇಸರವಿಲ್ಲ, ಮುದುಕ ಪೂಜಾಕ ಕುಂತಾನ, ನಗುತ್ತಿದ್ದಾಳೆ, ಬಸ್ಸು ಇನ್ನೂ ಬಂದಿಲ್ಲ. ಅದರ ಮುಂದಿನದನ್ನು ನೋಡಬೇಕೆಂದರೆ ಮುಂದೆ ಸರಿಯುವುದಿಲ್ಲ, ಹಿಂದಕ್ಕೂ ಇಲ್ಲ, ಶೇಂಗಾ ಇಲ್ಲ, ಕುಣಿ ಇಲ್ಲ, ನಲವತ್ತೊಂದು ಇಲ್ಲ, ಲೆಕ್ಕವೆಲ್ಲ ಎಲ್ಲಿ ಹೋಯಿತು, ರಸ್ತೆಯ ಈಚೆ ಬದಿ, ಫೋನು ಕಿವಿಯಲ್ಲಿ, ಗಾಳಿಗೆ ಕೂದಲು ಬಾಯಿಗೆ ಬಂದಿದೆ, ನಗುತ್ತಿದ್ದಾಳೆ, ತಡಿ, ಹತ್ತ ನಿಮಿಷ ಇಲ್ಲೇ ನಿಂದ್ರೂಣು. ಮಾಸ್ತರರ ತುಟಿ ಅಲುಗಿತು, ಕೈಯಲ್ಲಿ ಏನೂ ಇರಲಿಲ್ಲ, ಶಿವನೇ, ಎಂದರು, ಶಿವನೇ, ಆಕಿ ನಿಂದ್ರೂಣು ಅಂದಿದ್ಲು, ನಿಂದ್ರಲಿ, ನಿನ್ನ ಹಂತ್ಯಾಕ ನಿಂದ್ರಸ್ಕೋ, ಅಂಜಿಕಿ ಬ್ಯಾನಿ ಏನೂ ಇರದಂಗ ಇಡು, ನನ್ನ ಕೂಸಿಗಿ ಶಾಂತಿ ಕೊಡು.