ಮಡಿಲಿಗೆ ಹಾಕಿದ ಹಳದಿ ಚೂರು

ನಾನು ಬಿಳಿಗೆರೆಯ ಭೈರಮ್ಮ. ತಿಪಟೂರಿನ ಕಾಯಿಪುಡಿ ಕಾರ್ಖಾನೆಯಲ್ಲಿ ಹಳದಿ ಚೂರು ಆರಿಸುವುದು ನನ್ನ ಕೆಲಸ. ಡ್ರೈಯರಿನ ಬಿಸಿ ಒಂದಿಷ್ಟು ಏರಿದರೂ ಬೆಳ್ಳಗಿನ ಕಾಯಿ ಹಳದಿಯಾಗುತ್ತದೆ, ಅದನ್ನು ಯಾವ ಬೇಕರಿಯವನೂ ಕೊಳ್ಳುವುದಿಲ್ಲ. ಇಪ್ಪತ್ತು ವರ್ಷದಿಂದ ಆರಿಸುತ್ತಿದ್ದೇನೆ, ಈ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ.

ಗಾನವಿ ನೊಣವಿನಕೆರೆಯ ಹುಡುಗಿ, ಎಂ.ಟೆಕ್ ಓದುತ್ತಾಳೆ. ಬಿಸಿ ಎಷ್ಟು ತಪ್ಪಿತೋ ಅದಕ್ಕೆ ತಕ್ಕಷ್ಟೇ ಹಬೆಯನ್ನು ಏರಿಸಿ ಇಳಿಸುವ ಪೆಟ್ಟಿಗೆಯೊಂದನ್ನು ನಮ್ಮ ಡ್ರೈಯರಿಗೆ ಕೂರಿಸಿದ್ದಳು. ಅದಕ್ಕೆ ಮೂರು ಅಂಕೆ ಕೊಡಬೇಕಂತೆ. ಆ ಅಂಕೆ ಹುಡುಕಲು ಮೂರು ದಾರಿ. ಒಂದು ಹಳೇ ಪುಸ್ತಕದ ಸೂತ್ರ. ಇನ್ನೊಂದು, ಒಂದು ಹಕ್ಕಿ ಕಾಳು ಕಂಡರೆ ಹಿಂಡೆಲ್ಲ ಅತ್ತ ತಿರುಗುವ ಹಾಗೆ ಕಂಪ್ಯೂಟರಿನಲ್ಲಿ ಹುಡುಕುವುದು. ಮೂರನೆಯದು ಅವಳೇ ಎರಡು ವರ್ಷ ತಲೆ ಕೆಡಿಸಿಕೊಂಡು ಕಟ್ಟಿದ್ದು. ಹಳದಿ ಕಡಿಮೆ ಬಂದ ದಾರಿಯ ಅಂಕೆಗಳನ್ನೇ ಕಾಯಂ ಇಡುವುದಾಗಿ ಮಾಲೀಕರು ಹೇಳಿದ್ದರು.

ದಿನಕ್ಕೊಂದು ದಾರಿಯಂತೆ ಐವತ್ತೈವತ್ತು ಕೆಜಿ ಒಣಗಿಸಿ ನೋಡಿದೆವು. ಸೂತ್ರಕ್ಕೆ ಆರುನೂರು ಗ್ರಾಂ ಹಳದಿ ಬಂತು, ಹಕ್ಕಿ ಹಿಂಡಿಗೆ ಮುನ್ನೂರು. ಮೂರನೆಯ ದಿನ ಅವಳ ದಾರಿಯದನ್ನು ಆರಿಸುತ್ತ ಕೂತೆ. ಅಯ್ಯೋ ಶಿವನೇ, ಹಳದಿ ಮುಗಿಯುತ್ತಲೇ ಇಲ್ಲ! ದಿನವೂ ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಮಗು ಸೋಲುವುದನ್ನು ಹೇಗೆ ನೋಡಲಿ? ಅವಳು ಅತ್ತ ತಿರುಗಿದಾಗ ಬೊಗಸೆ ಬೊಗಸೆ ಮಡಿಲಿಗೆ ಹಾಕಿಕೊಂಡೆ.

ಗಾನವಿ ತೂಗಿದಳು. ಹಳದಿ ಇನ್ನೂರೇ ಗ್ರಾಂ! ನಾನು ಹಿಗ್ಗುತ್ತಿದ್ದರೆ ಇವಳು ಬಿಳಿಯದನ್ನೂ ತೂಗಿ ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ಡ್ರೈಯರಿಂದ ಇಳಿದಾಗ ಐವತ್ತು ಕೆಜಿ ಇತ್ತು. ಏಳ್ನೂರು ಗ್ರಾಂ ಕಮ್ಮಿ ಬತ್ತೈತಲ್ಲಾ?"

ಕಳ್ಳಾಟ ಸಿಕ್ಕಿಬಿದ್ದಾಗ ಬರುವ ಸಿಟ್ಟೇ ಬೇರೆ. ಮಡಿಲು ಬಿಚ್ಚಿ ತಟ್ಟೆಗೆ ಸುರಿದೆ.

"ತಗಾ! ದೊಡ್ಡ ಸತ್ಯವಂತೆ ಬಂದ್ಬುಟ್ಲು! ನಿಂದೇ ಗೆಲ್ಲಲಿ ಅಂತ ಮಾಡ್ದೆ ಕಣೇ. ಎಲ್ಡು ವರ್ಷ ಕಷ್ಟಪಟ್ಟಿದ್ದು ಮಣ್ಣುಪಾಲಾಗ್ಬೇಕಾ? ಸುಮ್ಕೆ ಇನ್ನೂರು ಅಂತ ಬರ್ದುಬುಡು, ಯಾರು ನೋಡ್ತಾರೆ?"

ಅವಳ ಕಣ್ಣು ತುಂಬಿತ್ತು. ಆದರೂ ತೂಗಿದಳು. ಒಂಬೈನೂರು ಎಂದು ಬರೆದು, ತನ್ನ ದಾರಿಯನ್ನು ಕಟ್ಟಕಡೆಯ ಸಾಲಿಗೆ ಹಾಕಿದಳು.

"ಸೋತ್ರೆ ನಂಗೆ ನಾಕು ದಿನ ಬೇಜಾರು ಕಣಮ್ಮ. ಸುಳ್ಳು ಬರ್ದು ನನ್ನ ಅಂಕೆ ಇಟ್ರೆ, ದಿನಾ ಇಷ್ಟನ್ನೂ ಕೂತು ಆರಿಸೋರು ಯಾರು? ನೀವಲ್ವಾ?"

ಎಂಥೆಂಥ ಎಂಜಿನಿಯರುಗಳು ಬಂದು ಡ್ರೈಯರಿನ ಸುತ್ತ ತಿರುಗಿ ಹೋಗಿದ್ದಾರೆ. ಅದರ ಮುಂದೆ ಕೂತ ನನ್ನನ್ನು ಕಂಡವಳು ಇವಳೊಬ್ಬಳೇ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.