ಕುಡಿದ ಕುತ್ತಿಗೆ

ಬೈಲಹೊಂಗಲದಲ್ಲಿ ಮೊಬೈಲ್ ರಿಪೇರಿ ಮಾಡುವ ಶಟ್ಟೆಪ್ಪ ದಿನಾ ಸಂಜೆ ಮನೆಯ ಹೊಸ್ತಿಲಲ್ಲಿ ನಿಂತು ಬಾಯಿ ತೆರೆಯಬೇಕಿತ್ತು. ಹೆಂಡತಿ ಮರೆವ್ವ ಮೂಸಿ ನೋಡುತ್ತಿದ್ದಳು. ವಾಸನೆ ಇರುತ್ತಿರಲಿಲ್ಲ, ಆದರೂ ಸಂಶಯ ಹೋಗುತ್ತಿರಲಿಲ್ಲ. ನಡುಗುವ ಕೈ, ಬೆವರು, ಸಿಡುಕು, ಸೊರಗಿದ ಮೈ; ಕುಡಿದು ಸತ್ತ ಎಂದು ಊರೆಲ್ಲ ಹೇಳುವ ಅವಳ ಅಪ್ಪನಿಗೂ ಹೀಗೇ ಆಗಿತ್ತು. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು ಶಟ್ಟೆಪ್ಪನ ಬೆರಳಿನಿಂದ ಜಾರುವುದನ್ನು ಕಂಡ ಗಿರಾಕಿಗಳೂ ಪಿಸುಗುಟ್ಟತೊಡಗಿದರು. ಅವರ ಮಾತು ಹಾಳಾಗಲಿ; ಮಗಳನ್ನು ಕರೆದುಕೊಂಡು ಮುರಗೋಡದ ತವರಿಗೆ ಹೋಗಿಬಿಡುತ್ತೇನೆಂದು ಮರೆವ್ವ ಅಂದದ್ದು ಮಾತ್ರ ಅವನ ಎದೆಗೆ ನಾಟಿತ್ತು.

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಥೈರಾಯ್ಡ್ ಇರಬೇಕೆಂದು ಬೆಳಗಾವಿಗೆ ಕಳಿಸಿದರು. ಮರೆವ್ವ ನಂಬಲಿಲ್ಲ. ಕಾವಲಿಗೆಂದು ತಾನೂ ಹೊರಟಳು.

ಅಲ್ಲಿ ಅವನಿಗೊಂದು ಗುಳಿಗೆ ನುಂಗಿಸಿದರು. ಅದರಲ್ಲಿ ಕಿರಣ ಸೂಸುವ ಅಯೋಡಿನ್ ಚೂರು ಇರುತ್ತದೆ, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅದನ್ನೆಷ್ಟು ಹೀರಿತೆಂದು ನಾಳೆ ಅಳೆಯುತ್ತೇವೆ ಎಂದಳು ಟೆಕ್ನಿಷಿಯನ್ ನೀಲಾ. ಮರುದಿನ ಯಂತ್ರದ ಮೂತಿ ಶಟ್ಟೆಪ್ಪನ ಕುತ್ತಿಗೆಯೆದುರು ಬಂದು ನಿಂತಿತು. ಇದೂ ಮೂಸುವುದೇ ಅನ್ನಿಸಿ ಅವನಿಗೆ ನಗು ಬಂತು.

ನೀಲಾ ಪರದೆ ನೋಡಿದಳು. "ಅಬ್ಬಾ, ಭಾಳ ಕುಡದೈತ್ರಿ!"

ಬಾಗಿಲಾಚೆ ಕೂತಿದ್ದ ಮರೆವ್ವನಿಗೆ ಕೇಳಿದ್ದು ಕುಡಿದದ್ದರ ಮಾತಷ್ಟೇ. ಒಳಗೆ ನುಗ್ಗಿದಳು.

"ನಾ ಹೇಳಿದ್ದಿಲ್ಲೇನ್ರಿ? ಮಿಶನ್‌ಗೂ ಗೊತ್ತಾತು! ನನ್ನ ಹಣೇಬರಾನ ಇಷ್ಟು!" ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

"ಅಕ್ಕಾರ, ಕುಡದವ್ರು ಇವರಲ್ರಿ," ನೀಲಾ ಅವಳ ಕೈ ಹಿಡಿದಳು. "ಕುತ್ತಿಗ್ಯಾಗಿನ ಗ್ರಂಥಿ ಅಯೋಡಿನ್ ಕುಡದೈತಿ. ಹದ ಮೀರಿ ದುಡ್ಯಾಕ ಹತ್ತೈತಿ ಅದು, ಅದಕ್ಕ ಕೈ ನಡಗತಾವು. ಡಾಕ್ಟರು ಔಷಧ ಕೊಡತಾರ, ಕಮ್ಮಿ ಆಗತೈತಿ."

ಬಸ್ಸಿನಲ್ಲಿ ಮರೆವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಗೆದ್ದೆನೆಂಬ ಸಂತೋಷ ಶಟ್ಟೆಪ್ಪನಿಗೇಕೋ ಆಗಲೇ ಇಲ್ಲ. ಇವಳು ಇಷ್ಟು ದಿನ ಎಷ್ಟು ಹೆದರಿಕೊಂಡಿದ್ದಳೆಂದು ಆ ಅಳು ಕೇಳಿದ ಮೇಲೇ ಅವನಿಗೆ ತಿಳಿದಿತ್ತು.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಹೊಸ್ತಿಲಲ್ಲಿ ರೂಢಿಯಂತೆ ನಿಂತು ಬಾಯಿ ತೆರೆದ.

"ಬಾಯಿ ಮುಚ್ಚರಿ," ಎಂದಳು ಮರೆವ್ವ. ಅವನ ಕುತ್ತಿಗೆಯ ಮೇಲೆ ಅಂಗೈ ಇಟ್ಟು ಹಾಗೇ ನಿಂತಳು.

"ನಮ್ಮವ್ವನೂ ದಿನಾ ಮೂಸತಿದ್ಲರಿ. ನಮ್ಮಪ್ಪನ ಬಾಯಾಗೂ ಎಂದೂ ವಾಸನಿ ಬರತಿದ್ದಿಲ್ಲ."